ವಾಗ್ದಾನದ ಚೀಟಿ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದು ಹೊಸ ವರ್ಷ ಹುಟ್ಟುವ ಹೊತ್ತಿಗೆ ನಮ್ಮ ಕಡೆಯ ಅನೇಕ ಚರ್ಚುಗಳಲ್ಲಿ ಜನರ ನಡುವೆ ಒಂದು ತಟ್ಟೆ ಬರುತ್ತದೆ. ತಟ್ಟೆಯ ತುಂಬ ಸಣ್ಣ ಸಣ್ಣ ಚೀಟಿಗಳು. ಒಂದೊಂದರ ಮೇಲೂ ಬೈಬಲ್ಲಿನ ಒಂದೊಂದು ವಚನ. ನೋಡದೆ ಒಂದನ್ನು ಎತ್ತಿಕೊಳ್ಳಬೇಕು. ಅದು ಆ ವರ್ಷಕ್ಕೆ ಅವರ ಪಾಲಿನ ವಾಗ್ದಾನ. ನನ್ನ ಗೆಳೆಯನೊಬ್ಬ ಸುಮಾರು 15 ವರ್ಷದ ಹಿಂದೆ ಹಾಗೆ ಎತ್ತಿಕೊಂಡ ಚೀಟಿಯಲ್ಲಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವಿತ್ತು. ದೇವರು ತನ್ನ ಜನರ ಬಗ್ಗೆ ಇಟ್ಟುಕೊಂಡಿರುವ ಯೋಚನೆ ಕೇಡಿನದಲ್ಲ, ಒಳ್ಳೆಯ ನಾಳೆಯದು ಎಂಬುದು ಅದರ ಭಾವ.

ಗೆಳೆಯನ ಊರು ಬೈಲಹೊಂಗಲ ಮತ್ತು ಸವದತ್ತಿಯ ನಡುವಿನ ಒಂದು ಹಳ್ಳಿ. ನಾನು ಬೈಲಹೊಂಗಲದವನು, ಲಿಂಗಾಯತರ ಮನೆಯವನು. ಆಗ ಇಬ್ಬರೂ ಧಾರವಾಡದ ಸಪ್ತಾಪುರದಲ್ಲಿ ಒಂದೇ ಖೋಲಿಯಲ್ಲಿದ್ದು ಪರೀಕ್ಷೆಗಳಿಗೆ ಓದುತ್ತಿದ್ದೆವು. ಅವನಿಗೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಬೇಕಿತ್ತು. ಚೀಟಿಯನ್ನು ಗೋಡೆಗೆ ಅಂಟಿಸಿದ, ಅದರ ಕೆಳಗೆ ಪರೀಕ್ಷೆಯ ವೇಳಾಪಟ್ಟಿಯನ್ನೂ ಅಂಟಿಸಿದ. ಬೆಳಿಗ್ಗೆ ಎದ್ದು ಎರಡನ್ನೂ ನೋಡುತ್ತಿದ್ದ. ಕೆಲವೇ ದಿನಗಳಲ್ಲಿ ಆ ಎರಡು ಕಾಗದಗಳು ಅವನ ಮನಸ್ಸಿನಲ್ಲಿ ಒಂದೇ ಆಗಿಬಿಟ್ಟವು. ದೇವರ ಯೋಚನೆ ಎಂದರೆ ಪಿಎಸ್ಐ ನೌಕರಿ.

ಆ ವರ್ಷ ಆಗಲಿಲ್ಲ. ಫಲಿತಾಂಶ ಬಂದ ವಾರ ನಾನೂ ಅವನ ಜೊತೆ ಹಳ್ಳಿಗೆ ಹೋಗಿದ್ದೆ. ಊಟ ಮುಗಿಸಿ ಕಟ್ಟೆಯ ಮೇಲೆ ಕೂತಾಗ ಅವನು ಕಿಸೆಯಿಂದ ಚೀಟಿ ತೆಗೆದು ತಾಯಿಯ ಮುಂದೆ ಹಿಡಿದ.

“ಯವ್ವಾ, ಇದು ಸುಳ್ಳಾತಲ್ಲ.”

ಅವರು ಚೀಟಿ ತಗೊಂಡು ಓದಲಿಲ್ಲ. ಒಳಗಿನಿಂದ ಬೈಬಲ್ ತಂದು ಅವನ ತೊಡೆಯ ಮೇಲಿಟ್ಟರು. “ಒಂದ ಸಾಲ ಹಿಡಕೊಂಡ ಕುಂತ್ರ ಹೆಂಗಪಾ? ಆ ಅಧ್ಯಾಯ ಮ್ಯಾಲಿಂದ ಓದು” ಅಂದರು.

ಅವನು ಓದಿದ, ನಾನು ಕೇಳಿದೆ. ಅದು ಒಂದು ಪತ್ರ. ಕ್ರಿಸ್ತಪೂರ್ವ 597ರಲ್ಲಿ ಬ್ಯಾಬಿಲೋನಿನ ದೊರೆ ಯೆರೂಸಲೇಮನ್ನು ಗೆದ್ದು ಅಲ್ಲಿನ ಜನರನ್ನು ಸೆರೆ ಒಯ್ದಿದ್ದ. ಅವರಿಗೆ ಊರಿನಿಂದ ಪ್ರವಾದಿ ಯೆರೆಮೀಯ ಬರೆದ ಪತ್ರ. ಇನ್ನು ಎರಡೇ ವರ್ಷ, ಎಲ್ಲರೂ ಮನೆಗೆ ಬರುತ್ತಾರೆ ಎಂದು ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಸಾರುತ್ತಿದ್ದ. ಜನರಿಗೆ ಬೇಕಾಗಿದ್ದ ಮಾತು ಅದೇ. ಯೆರೆಮೀಯ ಹೇಳಿದ್ದು ಬೇರೆ: ಇದು 70 ವರ್ಷದ ಮಾತು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ. ಇಷ್ಟಾದ ಮೇಲೆ ಬರುತ್ತದೆ ಗೋಡೆಯ ಮೇಲಿದ್ದ ಆ ವಚನ. ಆ ಪತ್ರವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಬಹಳ ಮಂದಿ ತಿರುಗಿ ಊರು ಕಾಣುವ ಹಾಗಿರಲಿಲ್ಲ. ಭರವಸೆ ಸುಳ್ಳಲ್ಲ, ಆದರೆ ಅದು ಅವರ ಅವಸರಕ್ಕೆ ಹೊಂದಿಸಿ ಬರೆದದ್ದೂ ಅಲ್ಲ.

ಗೆಳೆಯ ಪುಸ್ತಕ ಮುಚ್ಚಿದ. ಏನೂ ಅನ್ನಲಿಲ್ಲ. ನನಗೆ ಮಾತ್ರ ಅಂದಿನಿಂದ ಒಂದು ಪ್ರಶ್ನೆ ಉಳಿಯಿತು. ಒಂದು ಪುಸ್ತಕವನ್ನು ಬಾಳಿನ ದಾರಿಗೆ ನಂಬುವುದು ಅಂದರೆ ಏನು? ನಮ್ಮ ಗುರಿಗೆ ಅದರಿಂದ ಒಪ್ಪಿಗೆ ಪಡೆಯುವುದೋ, ನಮ್ಮ ಗುರಿಯನ್ನು ಅದರ ಮುಂದೆ ವಿಚಾರಣೆಗೆ ಇಡುವುದೋ?

ಚೀಟಿ ಎತ್ತುವವರನ್ನು ನೋಡಿ ನಗುವ ಹಕ್ಕು ನಮ್ಮ ಮನೆಯವರಿಗಿಲ್ಲ. ನಮ್ಮಜ್ಜ ದಿನಾ ಬೆಳಿಗ್ಗೆ ಬಸವಣ್ಣನವರ ವಚನ ಓದುತ್ತಿದ್ದರು. ಓದಿ ಮುಗಿಸಿ, ಎತ್ತು ಕೊಳ್ಳಲು ಹೋಗಬೇಕಾದರೆ ಪಂಚಾಂಗ ತೆಗೆಯುತ್ತಿದ್ದರು. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋದಾಗ ಗಿಳಿಶಾಸ್ತ್ರದವನ ಮುಂದೆ ಕೂತದ್ದು ನನಗೇ ನೆನಪಿದೆ. ಗಿಳಿ ಎತ್ತಿದ ಕಾರ್ಡಿನಲ್ಲಿ ನನಗೆ ಸರಕಾರಿ ನೌಕರಿ ಇತ್ತು! ನಾಳೆ ಏನೆಂದು ತಿಳಿಯದವನು ಎಲ್ಲಿಂದಾದರೂ ಒಂದು ಸೂಚನೆ ಬೇಡುತ್ತಾನೆ. ಅದು ಯಾವ ಒಂದು ಮತದ ದೌರ್ಬಲ್ಯವೂ ಅಲ್ಲ. ನಮ್ಮ ಭಾಗದಲ್ಲಿ ಶರಣರ ಮಾತಿಗೂ ವಚನ ಎನ್ನುತ್ತೇವೆ, ಬೈಬಲ್ಲಿನ ವಾಕ್ಯಕ್ಕೂ ವಚನ ಎನ್ನುತ್ತೇವೆ. ಎರಡನ್ನೂ ಶಕುನದ ಹಾಗೆ ಬಳಸಿಕೊಳ್ಳುವ ಕೈ ಒಂದೇ.

ಇದು ಹಳೆಯ ಕಥೆ. ಕ್ರಿಸ್ತಶಕ 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ಅಗಸ್ಟೀನ್ ಎಂಬ ಅಲಂಕಾರಶಾಸ್ತ್ರದ ಅಧ್ಯಾಪಕ ಅಳುತ್ತ ಕೂತಿದ್ದ. ಓದು, ಓದು ಎನ್ನುವ ಮಗುವಿನ ದನಿ ಕೇಳಿಸಿ ಅವನು ಪೌಲನ ಪತ್ರಗಳ ಪುಸ್ತಕವನ್ನು ಕೈಗೆ ಬಂದಲ್ಲಿ ತೆರೆದ. ಅದೂ ಚೀಟಿ ಎತ್ತಿದ ಹಾಗೆಯೇ. ಆದರೆ ಅವನಿಗೆ ಸಿಕ್ಕಿದ್ದೇನು? ದೊಡ್ಡ ಹುದ್ದೆ, ಸಿರಿವಂತರ ಮನೆಯ ಸಂಬಂಧ ಇವೇ ಅವನ ಗುರಿಗಳಾಗಿದ್ದವು. ತೆರೆದ ಪುಟ ಅವುಗಳಿಂದ ಅವನನ್ನು ಕಿತ್ತುಕೊಂಡಿತು. ಅವನು ಹುದ್ದೆ ಬಿಟ್ಟ. ಮುಂದೆ ಬಿಷಪ್ ಆದಾಗ ಇದೇ ಅಗಸ್ಟೀನ್ ಒಂದು ಪತ್ರದಲ್ಲಿ, ಲೋಕವ್ಯವಹಾರದ ಶಕುನ ಕೇಳಲು ಸುವಾರ್ತೆಯ ಪುಟ ತೆರೆಯುವ ರೂಢಿ ತನಗೆ ಹಿಡಿಸುವುದಿಲ್ಲ ಎಂದು ಬರೆದ. ಪುಟ ಹೇಗೆ ತೆರೆದೆ ಎಂಬುದಕ್ಕಿಂತ, ತೆರೆದ ಪುಟಕ್ಕೆ ಇಲ್ಲ ಎನ್ನುವ ಅಧಿಕಾರ ಕೊಟ್ಟಿದ್ದೇನೆಯೇ ಎಂಬುದು ಮುಖ್ಯ ಎಂದು ನನಗೆ ಅನಿಸಿದ್ದು ಇದನ್ನು ಓದಿದಾಗ.

ಆದರೆ ಗೆಳೆಯನ ಮನೆಯಲ್ಲಿ ಆ ಪುಸ್ತಕದ ಮೇಲಿದ್ದ ನಂಬಿಕೆ ಬರೀ ಚೀಟಿಯದಾಗಿರಲಿಲ್ಲ. ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಶನ್ನಿನ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದೇ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. 20ನೆಯ ಶತಮಾನದ ಆರಂಭದಲ್ಲಿ ಆ ಕೆಲಸ ಮೆಥಡಿಸ್ಟರ ಕೈಗೆ ಬಂತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಚರ್ಚಿಗೆ ಬಂದವರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಯವರು. ಯಾವ ಪವಿತ್ರ ಗ್ರಂಥವನ್ನೂ ಮುಟ್ಟಲು ಬಿಡದಿದ್ದವರ ಕೈಗೆ ಒಂದು ಗ್ರಂಥ ಬಂತು, ಅದೂ ಕನ್ನಡದಲ್ಲಿ. ಗೆಳೆಯನ ಅಜ್ಜಿ ಅಕ್ಷರ ಕಲಿತದ್ದೇ ಅದನ್ನು ಓದಲಿಕ್ಕೆ. ಅಂಥ ಮನೆಯಲ್ಲಿ ಈ ಪುಸ್ತಕದ ಮೇಲಿನ ನಂಬಿಕೆಗೆ ವಾದ ಬೇಕಾಗಿರಲಿಲ್ಲ. ಅದು ಅವರನ್ನು ಮೊದಲು ಒಳಗೆ ಕರೆದ ಬಾಗಿಲು.

ಹೀಗೆ ಬಾಗಿಲಾದ ಪುಸ್ತಕವೇ ಬೇರೆ ಕೈಯಲ್ಲಿ ಚಾಟಿಯೂ ಆಗಿದೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡೆರಿಕ್ ಡಗ್ಲಸ್ 1845ರಲ್ಲಿ ತನ್ನ ಆತ್ಮಕಥೆ ಬರೆದ. ಅವನ ಒಡೆಯ ಮೆಥಡಿಸ್ಟ್ ಸಭೆಯೊಂದರಲ್ಲಿ ಭಕ್ತನಾದವನು. ಭಕ್ತನಾದ ಮೇಲೂ ಒಬ್ಬ ಅಂಗವಿಕಲ ಹೆಣ್ಣುಮಗಳನ್ನು ಕಟ್ಟಿಹಾಕಿ ಬಾರಿಸುತ್ತಿದ್ದ, ಬಾರಿಸುತ್ತ ಬೈಬಲ್ಲಿನ ವಾಕ್ಯ ಹೇಳುತ್ತಿದ್ದ. ಡಗ್ಲಸ್ ಮಾಡಿದ್ದೇನು? ಬೈಬಲ್ಲನ್ನು ಎಸೆಯಲಿಲ್ಲ. ಉಳಿದ ಗುಲಾಮರನ್ನು ಕೂಡಿಸಿಕೊಂಡು ಅದನ್ನೇ ಓದಲು ಕಲಿಸಿದ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಗಿತ್ತು. ಅದರಲ್ಲಿ ಇಸ್ರಾಯೇಲರು ಐಗುಪ್ತದ ದಾಸ್ಯದಿಂದ ಬಿಡುಗಡೆಯಾಗುವ ಕಥೆಯನ್ನೇ ಕತ್ತರಿಸಿ ತೆಗೆದಿದ್ದರು. ಕತ್ತರಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು: ಬಿಡಿ ವಾಕ್ಯಗಳಿಂದ ಜನರನ್ನು ಆಳಬಹುದು, ಇಡೀ ಪುಸ್ತಕ ಕೈಗೆ ಸಿಕ್ಕರೆ ಕಷ್ಟ.

ಬಿಡಿ ವಾಕ್ಯದ ಅಪಾಯವನ್ನು ಬೈಬಲ್ಲೇ ಬಲ್ಲದು. ಮತ್ತಾಯನ ಸುವಾರ್ತೆಯಲ್ಲಿ ದೇವಾಲಯದ ತುದಿಯಿಂದ ಧುಮುಕು ಎಂದು ಯೇಸುವಿಗೆ ಹೇಳುವ ಸೈತಾನ ಕೀರ್ತನೆಯ ವಾಕ್ಯವನ್ನೇ ಆಧಾರ ಕೊಡುತ್ತಾನೆ. ಯೋಬನ ಗೆಳೆಯರು ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡವನ ಮುಂದೆ ಕೂತು ಒಂದಕ್ಕಿಂತ ಒಂದು ಧಾರ್ಮಿಕವಾದ ಮಾತಾಡುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಅವರ ಮೇಲೆ. ದೇವರೊಡನೆ ಜಗಳಕ್ಕೆ ನಿಂತ ಯೋಬನೇ ಸರಿಯಾದದ್ದನ್ನು ಆಡಿದ ಎಂದು ತೀರ್ಪಾಗುತ್ತದೆ. ಇಂಥ ಪುಸ್ತಕವನ್ನು ನಂಬುವವನು ಪ್ರಶ್ನೆ ಕೇಳುವುದನ್ನು ಬಿಡಬೇಕಾಗಿಲ್ಲ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಆದರೂ ತನ್ನ ಮನಸ್ಸಾಕ್ಷಿಯ ಬೀಗದ ಕೈಯನ್ನು ಅಲ್ಲಿನ ಧರ್ಮಗುರುಗಳಿಗೆ ಒಪ್ಪಿಸಲಿಲ್ಲ. ಅವರೊಡನೆ ಪತ್ರದಲ್ಲಿ ವಾದಿಸಿದರು. ಮುಂದೆ ತಾವೇ ಹೀಬ್ರೂ ಗ್ರೀಕ್ ಕಲಿತು ಬೈಬಲ್ಲನ್ನು ಸಾಮಾನ್ಯರ ಮರಾಠಿಗೆ ತಂದರು. ಪುಸ್ತಕವನ್ನು ನಂಬುವುದು ಬೇರೆ, ಅದರ ಹೆಸರಿನಲ್ಲಿ ಮಾತಾಡುವವರನ್ನು ನಂಬುವುದು ಬೇರೆ.

ಈಗ ಗೆಳೆಯನ ಕಥೆಗೆ ಬರುತ್ತೇನೆ. ನಿಜವಾದ ಪರೀಕ್ಷೆ ಎದುರಾದದ್ದು ಮರುವರ್ಷ, ಅರ್ಜಿ ತುಂಬುವಾಗ.

ಅವನ ಶಾಲೆಯ ದಾಖಲೆಯಲ್ಲಿ ಧರ್ಮ ಹಿಂದೂ ಎಂದೂ ಅಜ್ಜನ ಕಾಲದ ಜಾತಿಯ ಹೆಸರೂ ಇತ್ತು. ಹೆಸರು ಹಚ್ಚುವಾಗ ಮಾಸ್ತರರು ಕೇರಿ ನೋಡಿ ಬರೆದುಕೊಂಡದ್ದು. ಅದರ ಮೇಲೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಸಿಗುತ್ತಿತ್ತು. ಆದರೆ 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನಲ್ಲ. ಆ ಆದೇಶ ಮೊದಲು ಹಿಂದೂಗಳಿಗಷ್ಟೇ ಇತ್ತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿ ಬರುತ್ತಾರೆ. ಆಗ ಪರಿಶಿಷ್ಟ ಜಾತಿಗೆ ಶೇಕಡ 15 ಮೀಸಲಾತಿ ಇತ್ತು, ಪ್ರವರ್ಗ 1ರಲ್ಲಿ ಅನೇಕ ಸಮುದಾಯಗಳ ನಡುವೆ ಶೇಕಡ 4. ಗೆಳೆಯ ದೀಕ್ಷಾಸ್ನಾನ ಆದವನು, ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಅರ್ಜಿಯ ಒಂದು ಚೌಕದಲ್ಲಿ ಅವನು ಒಂದು ಗುರುತು ಹಾಕಬೇಕಿತ್ತು.

ಅವನ ತಮ್ಮ ಆಗಲೇ ಒಂದು ನಿರ್ಧಾರಕ್ಕೆ ಬಂದಿದ್ದ. “ಕಾಗದದಾಗ ಇದ್ದದ್ದು ಇರ್ಲಿ ಅಣ್ಣಾ. ನಾವು ಪ್ರಾರ್ಥನಾ ಮಾಡೂದು ದೇವರಿಗೆ ಗೊತ್ತೈತಿ, ತಹಶೀಲ್ದಾರಗ ಯಾಕ ಗೊತ್ತಾಗಬೇಕು?” ಅಂದ. ಆಮೇಲೆ ಅವನು ಹೇಳಿದ ಮಾತಿಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. “ನಾವು ಚರ್ಚಿಗೆ ಹೊಂಟ ಮ್ಯಾಲ ಊರವರು ನಮ್ಮನ್ನ ಬ್ಯಾರೆ ಮಂದಿ ಅಂದಾರೇನು? ಚಾದಂಗಡ್ಯಾಗ ನಮ್ಮ ಕಪ್ ಬ್ಯಾರೆ ಇಟ್ಟಾಗ ಸರಕಾರ ಬಂದು, ಏ ಇವರು ಕ್ರಿಶ್ಚನ್ನರು, ಇವರಿಗೆ ಜಾತಿ ಇಲ್ಲ ಅಂತ ಹೇಳೇತೇನು?”

ತಮ್ಮನ ಮಾತು ಬರೀ ಸ್ವಾರ್ಥದ್ದಲ್ಲ. ಮತ ಬದಲಾದರೆ ಜಾತಿ ಹೋಗುತ್ತದೆ ಎಂದು ಕಾನೂನು ನಂಬುತ್ತದೆ, ಊರು ನಂಬುವುದಿಲ್ಲ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧರ್ಮದ ಷರತ್ತನ್ನು ತೆಗೆಯಬೇಕೆಂದು ಹೇಳಿತು. 2022ರಲ್ಲಿ ಇದೇ ಪ್ರಶ್ನೆ ನೋಡಲು ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಲಾಯಿತು. ಇನ್ನೊಂದು ಕಡೆ, ಕ್ರೈಸ್ತ ಮತವನ್ನು ಪಾಲಿಸುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಹೇಳಿತು. ಈ ಎರಡರ ನಡುವೆ ನಮ್ಮ ಕೇರಿಗಳ ಎಷ್ಟೋ ಹುಡುಗರು ಅರ್ಜಿ ತುಂಬುತ್ತಾರೆ.

ಆ ವರ್ಷ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಹೋಗಿದ್ದೆವು. ಕೋಟೆಯ ಒಡೆದ ಗೋಡೆಯ ಮೇಲೆ ಕೂತು ಗೆಳೆಯ ತಾನು ಓದಿಕೊಂಡದ್ದನ್ನು ಹೇಳಿದ. ಪುಸ್ತಕ ಅವನಿಗೆ ಒಂದು ಉತ್ತರ ಕೊಟ್ಟಿರಲಿಲ್ಲ, ಎರಡು ಕೊಟ್ಟಿತ್ತು. ಒಂದು ದಾನಿಯೇಲನದು. ಮೂವತ್ತು ದಿನ ಅರಸನನ್ನು ಬಿಟ್ಟು ಬೇರೆ ಯಾರನ್ನೂ ಬೇಡಬಾರದು ಎಂಬ ಆಜ್ಞೆ ಹೊರಟಾಗಲೂ ಅವನು ಕಿಟಕಿ ತೆರೆದಿಟ್ಟು ಪ್ರಾರ್ಥಿಸಿದ, ಸಿಂಹದ ಗವಿಗೆ ಬಿದ್ದ. ಇನ್ನೊಂದು ನಾಮಾನನದು. ಸಿರಿಯಾದ ಸೇನಾಪತಿ. ಇಸ್ರಾಯೇಲಿನ ದೇವರನ್ನು ನಂಬಿದ ಮೇಲೆ ಅವನು ಪ್ರವಾದಿ ಎಲೀಷನಿಗೆ ಒಂದು ಮಾತು ಕೇಳುತ್ತಾನೆ. ತನ್ನ ಅರಸ ರಿಮ್ಮೋನನ ಗುಡಿಯಲ್ಲಿ ತನ್ನ ಕೈ ಹಿಡಿದು ಬಗ್ಗುವಾಗ ತಾನೂ ಬಗ್ಗಬೇಕಾಗುತ್ತದೆ, ಅದನ್ನು ದೇವರು ಕ್ಷಮಿಸಲಿ ಎಂದು. ಎಲೀಷ ಬೈಯುವುದಿಲ್ಲ. ಸಮಾಧಾನದಿಂದ ಹೋಗು ಎಂದು ಕಳಿಸುತ್ತಾನೆ.

“ಹಂಗಾದ್ರ ಈ ಪುಸ್ತಕ ಯಾತಕ್ಕ ಬಂತು? ಎರಡೂ ನಡೀತೈತಿ ಅಂದ ಮ್ಯಾಲ ನಿನಗ ಬೇಕಾದ್ದು ನೀ ಆರಿಸ್ಕೋತಿ” ಅಂದೆ ನಾನು.

ಅವನು ತಡೆದು ಹೇಳಿದ. “ನಾನೂ ಹಂಗ ಅನ್ಕೊಂಡಿದ್ದೆ. ಆದ್ರ ನೋಡು, ಆ ಇಬ್ಬರೂ ಮುಚ್ಚಿಡಲಿಲ್ಲ. ಅಂವ ಕಿಟಕಿ ತೆರದಾ, ಇಂವ ಬಾಯಿ ಬಿಟ್ಟು ಹೇಳಿದಾ. ನನಗ ಇದರಾಗ ಏನ ಲಾಭ ಅಂತ ಇಬ್ಬರೂ ಕೇಳಲಿಲ್ಲ.”

ನಾನು ಆ ಕಥೆಗಳನ್ನು ಆಮೇಲೆ ಓದಿದೆ. ಅವನು ಹೇಳಿದ್ದು ಸರಿ ಇತ್ತು. ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿ ಮೂರ್ಖನ ಮಾತಿಗೆ ಉತ್ತರ ಕೊಡಬೇಡ ಎಂಬ ಉಪದೇಶವಿದೆ, ಅದರ ಮರುವಾಕ್ಯದಲ್ಲೇ ಉತ್ತರ ಕೊಡು ಎಂಬ ಉಪದೇಶವಿದೆ. ಸೇರಿಸಿದವರಿಗೆ ಎರಡೂ ಪಕ್ಕಪಕ್ಕ ಇರುವುದು ಕಾಣದೆ ಇರುವುದಿಲ್ಲ. ಯಾವಾಗ ಯಾವುದು ಎಂದು ತೂಗುವ ಕೆಲಸವನ್ನು ಪುಸ್ತಕ ಓದುವವನಿಗೇ ಬಿಟ್ಟಿದೆ. ಹಾಗೆಂದು ಅದು ಏನನ್ನೂ ಹೇಳದೆ ಬಿಟ್ಟಂತಾಗಲಿಲ್ಲ. ತೂಗುವಾಗ ತಕ್ಕಡಿಯ ಮೇಲೆ ಬೆರಳಿಟ್ಟಿದ್ದೀಯಾ ಎಂದು ಅದು ಕೇಳುತ್ತಲೇ ಇರುತ್ತದೆ. ಶಕುನ ಈ ಪ್ರಶ್ನೆ ಕೇಳುವುದಿಲ್ಲ. ಗಿಳಿ ಕಾರ್ಡು ಎತ್ತಿ ಪಂಜರದೊಳಗೆ ಹೋಗಿಬಿಡುತ್ತದೆ.

ಗೆಳೆಯ ತನ್ನ ದಾಖಲೆ ತಿದ್ದಿಸಿ ಪ್ರವರ್ಗ 1ರ ಪ್ರಮಾಣಪತ್ರ ಮಾಡಿಸಿದ. ಅದಕ್ಕೇ ತಿಂಗಳುಗಟ್ಟಲೆ ಅಲೆದ. ಪರೀಕ್ಷೆ ಬರೆದ. ಕೆಲವೇ ಅಂಕಗಳಿಂದ ತಪ್ಪಿತು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಕಡೆಯದಾಗಿ ಆಯ್ಕೆಯಾದವನಿಗಿಂತ ಅವನ ಅಂಕ ಹೆಚ್ಚಿದ್ದವು. ಅದನ್ನು ನಾವಿಬ್ಬರೂ ಒಂದೇ ಪರದೆಯ ಮೇಲೆ ನೋಡಿದೆವು. ಆಮೇಲೆ ವಯಸ್ಸು ಮೀರಿತು. ಈಗ ಸವದತ್ತಿಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾನೆ. ತಮ್ಮ ಸರಕಾರಿ ನೌಕರಿಯಲ್ಲಿದ್ದಾನೆ, ರಾಮದುರ್ಗದಲ್ಲಿ ಮನೆ ಕಟ್ಟಿಸಿದ್ದಾನೆ. ಪ್ರಮಾಣಪತ್ರಗಳ ತನಿಖೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅವನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂದು ಗೆಳೆಯನೇ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಗೆದ್ದವನ ಸಮಾಧಾನ ಇರಲಿಲ್ಲ. ತಮ್ಮನ ಮಗಳ ಶಾಲೆಯ ಫೀಸು, ಅವ್ವನ ಔಷಧ ಎಲ್ಲ ಆ ನೌಕರಿಯಿಂದಲೇ ನಡೆಯುತ್ತವೆ. ಅವ್ವನ ಔಷಧದಲ್ಲಿ ತನ್ನ ಪಾಲು ಎಷ್ಟು ಸಣ್ಣದು ಎಂಬುದೂ ಅವನಿಗೆ ಗೊತ್ತು.

ಸತ್ಯ ಹಿಡಿದವನಿಗೆ ಕೊನೆಗೆ ಒಳ್ಳೆಯದಾಗುತ್ತದೆ ಎಂದು ಈ ಬರಹ ಮುಗಿಸಬಹುದಾಗಿದ್ದರೆ ಚೆನ್ನಾಗಿತ್ತು. ಹಾಗೆ ಆಗಲಿಲ್ಲ. ಕ್ರಿಸ್ತನ ಬಲದಿಂದ ಎಲ್ಲವನ್ನೂ ಮಾಡಬಲ್ಲೆ ಎಂಬ ಅರ್ಥದ ಪೌಲನ ಮಾತನ್ನು ಇಂದು ಆಟಗಾರರು ಗೆಲುವಿನ ಮಂತ್ರದಂತೆ ಹೇಳುತ್ತಾರೆ. ಆದರೆ ಅವನು ಅದನ್ನು ಬರೆದದ್ದು ಸೆರೆಮನೆಯಿಂದ. ಅದರ ಹಿಂದಿನ ವಾಕ್ಯಗಳಲ್ಲಿ ಇರುವುದು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರಲು ಕಲಿತ ಸಂಗತಿ. ಬೈಬಲ್ ಗುರಿಗಳಿಗೆ ವಿರೋಧಿ ಎಂದಲ್ಲ. ಯೆರೆಮೀಯನ ಪತ್ರದಲ್ಲೂ ಮನೆ ಕಟ್ಟುವ, ತೋಟ ಹಾಕುವ ಮಾತಿದೆ. ಆದರೆ ನಮ್ಮ ಗುರಿಗೆ ಒಮ್ಮೆಯೂ ಅಡ್ಡ ಬಾರದ ಗ್ರಂಥವನ್ನು ನಾವು ನಂಬಿದ್ದೇವೆ ಎಂದರೆ, ನಂಬಿದ್ದು ಗ್ರಂಥವನ್ನಲ್ಲ, ಗುರಿಯನ್ನು. ಇದು ಬೈಬಲ್ಲಿಗಷ್ಟೇ ಅಲ್ಲ, ನಮ್ಮಜ್ಜ ಓದುತ್ತಿದ್ದ ವಚನಗಳಿಗೂ ಸಲ್ಲುವ ಮಾತು. ಜಾತಿ ಬೇಡ ಎಂದ ಶರಣರ ಮಾತನ್ನು ದಿನಾ ಓದುತ್ತಿದ್ದ ನಮ್ಮ ಮನೆಯ ಪಡಸಾಲೆಗೆ ಗೆಳೆಯ ಬಂದಾಗ ಅವನಿಗೆ ಚಹಾ ಯಾವ ಕಪ್ಪಿನಲ್ಲಿ ಕೊಟ್ಟೆವು ಎಂಬುದು ನನಗೆ ನೆನಪಿದೆ. ನಾವು ವಚನವನ್ನು ನಂಬಿದ್ದೆವೋ ಇಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಳೆದ ವರ್ಷ ಅವನ ಹಳ್ಳಿಗೆ ಹೋದಾಗ ತಾಯಿ ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿದೆ, ಓದಲು ಮೊಮ್ಮಗಳು ಬೇಕು. ಇಬ್ಬರು ಮಕ್ಕಳಲ್ಲಿ ಯಾರು ಸರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೇರೆ ರೀತಿಯಲ್ಲಿ ಕೇಳಿದೆ, “ಅವ್ವಾರ, ಆ ಚೀಟಿ ಖರೇ ಆತೇನು?”

ಅವರು ನಕ್ಕರು. “ಎಪ್ಪತ್ತ ವರ್ಷ ಅಂತ ಬರದಾರಲ್ಲಪಾ, ಇನ್ನಾ ಟೈಮ್ ಐತಿ” ಅಂದರು. ಆಮೇಲೆ ಒಳಗೆ ಕೂಗಿ ನನಗೆ ಚಹಾ ತರಲು ಹೇಳಿದರು.